ಎಣಿಕೆ ತಪ್ಪದ ವರ್ಷ

ಶೇಂಗಾ ಚೀಲದಲ್ಲಿ ಹೊತ್ತು ತಂದ ಕ್ಯಾತಣ್ಣ,
ಚಳ್ಳಕೆರೆ ಪಶು ಆಸ್ಪತ್ರೆಯ ಹಿಂಬಾಗಿಲಿಗೆ.
"ಡಾಕ್ಟ್ರಮ್ಮಾ, ನಾಯಿ ಅಲ್ಲ, ನೋಡು" ಅಂದ.
ನಾನು ಡಾಕ್ಟರಲ್ಲ. ಗಾಜಿನ ಮೇಲೆ ರಕ್ತ ಸವರಿ
ಬಣ್ಣ ಹಾಕುವವಳು. ಎಷ್ಟು ಸಲ ಹೇಳಿದ್ದೇನೋ.

ಬಿಚ್ಚಿದರೆ ತೋಳ.
ಹೆಣ್ಣು. ಬಾಲದ ಮೇಲೆ ಒಂದು ಕೂದಲಿಲ್ಲ,
ಕಿವಿಯ ಅಂಚು ಸೀದ ರೊಟ್ಟಿ,
ಪಕ್ಕೆಲುಬು ಒಂದೊಂದೂ ಎಣಿಸಬಹುದಿತ್ತು.

ಎಣಿಸುವುದು ಅವನ ಕಸುಬು.
ಸಂಜೆ ಹಟ್ಟಿಯ ಮುಳ್ಳುಬೇಲಿ ಸರಿಸಿ ನಿಂತು
ತೊಡೆ ಸವರಿಕೊಂಡು ನುಗ್ಗುವ ಕುರಿಗಳನ್ನು
ಬೆರಳು ಮಡಚದೆ, ತುಟಿ ಆಡಿಸದೆ.
"ವರ್ಷಕ್ಕೆ ನಾಕೋ ಐದೋ ಕಮ್ಮಿ ಬೀಳವು.
ಅದು ಅದ್ರ ಪಾಲು. ಬೈತಿದ್ದೆ, ಕಲ್ಲು ಬೀರ್ತಿದ್ದೆ,
ಲೆಕ್ಕದಾಗೆ ಮಾತ್ರ ಮೊದ್ಲೇ ಕಳ್ದಿರ್ತಿದ್ದೆ.
ಈ ವರ್ಷ ಎಣಿಕೆ ತಪ್ಪಲೇ ಇಲ್ಲ ಕಣಮ್ಮ.
ನೂರಾ ಹನ್ನೆರಡು. ದಿನಾ ನೂರಾ ಹನ್ನೆರಡು.
ಆವಾಗ್ಲೇ ಅಂದ್ಕಂಡೆ, ಏನೋ ಆಗೈತೆ."

ಕೆರೆದ ಚರ್ಮವನ್ನು ಮಸೂರದಡಿ ಇಟ್ಟೆ.
ಎಂಟು ಕಾಲಿನ, ಗುಂಡನೆಯ, ಕಣ್ಣಿಲ್ಲದ ನುಸಿ
ಸುರಂಗ ತೋಡಿಕೊಂಡು ತನ್ನ ಪಾಡಿಗಿತ್ತು.
ಅದಕ್ಕೆ ಈ ತೋಳವೇ ಒಂದು ಕಾವಲು.

ಸಾಹೇಬರು ಮೂಗು ನೋಡಿ, ಅಂಗಾಲು ಒತ್ತಿ ನೋಡಿ
"ಡಿಸ್ಟೆಂಪರೂ ಇದ್ದಿರಬಹುದು" ಅಂದರು.
"ಗ್ವಾಡೆಗೆ ಬಳಿಯಾದಾ ಸಾಮಿ?"
ನಗಬಾರದಿತ್ತು. ಮೂವರೂ ನಕ್ಕೆವು.
ಆಮೇಲೆ ಫಾರೆಸ್ಟಿನವರಿಗೆ ಫೋನಾಯಿತು.

ಫಾರಮ್ಮಿನಲ್ಲಿ ಸಾವಿನ ಕಾರಣಕ್ಕೆ
ಕಿರುಬೆರಳಿನಷ್ಟು ಜಾಗ.
ಕಜ್ಜಿ ಅಂತ ಬರೆದರೆ ಹಿಡಿಯುತ್ತದೆ.
ಕ್ಯಾತಣ್ಣ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ
ಹೇಳಿದ್ದನ್ನು ಎಲ್ಲಿ ತುರುಕಲಿ?
ರೋಹಿಣಿ ಕೈಕೊಟ್ಟದ್ದು. ಕಾವಲಿನ ಕರಡದ ಹುಲ್ಲು
ಮೊಣಕಾಲಿಗೂ ಬಾರದ್ದು, ಮರೆಯಿಲ್ಲದೆ
ಮೊಲದ ಮರಿಗಳೆಲ್ಲ ಹದ್ದಿಗೆ ಕಂಡದ್ದು.
ಮತ್ತೆ ಕುರುಡು ಚಿತ್ತೆ, ಒಂದೇ ರಾತ್ರಿ ಹುಯ್ದು
ಇಲಿಯ ಬಿಲಗಳಿಗೆಲ್ಲ ನೀರು ತುಂಬಿದ್ದು.
ಹಸಿದವಳು ಹೆದ್ದಾರಿ ಪಕ್ಕದ ಕೋಳಿಫಾರಂ ಗುಂಡಿಗಿಳಿದು
ಊರನಾಯಿಗಳ ಮೂತಿಗೆ ಮೂತಿ ತಾಗಿಸಿ
ಸತ್ತ ಕೋಳಿ ಹಂಚಿಕೊಂಡದ್ದು.
"ಕುರಿ ಹಿಡಿಯಕೆ ತಾಕತ್ತು ಬೇಕಲ್ಲಮ್ಮ" ಅಂದ,
ಎಲೆ ಮಡಚಿ ದವಡೆಗಿಟ್ಟ.

ಹೋದ ವರ್ಷ ದಾವಣಗೆರೆಯ ತರಬೇತಿಯಲ್ಲಿ
ಪರದೆ ಮೇಲೆ ಬಿಳಿ ನರಿ ತೋರಿಸಿದ್ದರು.
ಭೂಮಿಯ ಉತ್ತರದ ತುದಿಯದಂತೆ. ಅಲ್ಲೊಂದು ಗಿಡ್ಡ ಇಲಿ
ಕೆಲವು ವರ್ಷ ಉಕ್ಕುತ್ತದಂತೆ, ಕೆಲವು ವರ್ಷ ಕಾಣೆಯಂತೆ.
ಕಾಣೆಯಾದಾಗ ನರಿ ಹೆಪ್ಪುಗಟ್ಟಿದ ಕಡಲ ಮೇಲೆ
ದೂರ ದೂರ ನಡೆಯುತ್ತದಂತೆ,
ಅದರ ಬಾಯಲ್ಲಿ ಹುಚ್ಚೂ ನಡೆಯುತ್ತದಂತೆ.
ಫ್ಯಾನು ಕಿರುಗುಟ್ಟುತ್ತಿತ್ತು, ನಿದ್ದೆ ಬರುತ್ತಿತ್ತು.
ಹಿಮ ಕಂಡವಳಲ್ಲ ನಾನು.
ಜಿನ್ನಿಂಗ್ ಮಿಲ್ಲಿನ ಹಿಂದೆ ಬಳ್ಳಾರಿಜಾಲಿಗೆ
ಅಂಟಿದ ಅರಳೆ ಕಂಡಿದ್ದೆ. ಅಷ್ಟರಲ್ಲೇ
ಆ ನರಿಯನ್ನು ಅಡ್ಡಾಡಿಸಿ, ಚಹಾದ ಹೊತ್ತಿಗೆ ಮರೆತಿದ್ದೆ.

ಇವತ್ತು ಅದರ ಅಕ್ಕ, ಕಂದುಬಣ್ಣದವಳು,
ನನ್ನ ಟೇಬಲ್ಲಿನ ಮೇಲೆ. ಉಗುರಲ್ಲಿ ಕೆಂಪು ಮಣ್ಣು.

ಕಜ್ಜಿ ಅಂತ ಬರೆದು
ಅಲ್ಪವಿರಾಮ ಹಾಕಿ ಬಿಟ್ಟೆ.
ಸಹಿ ಮಾಡುವಾಗ ಸಾಹೇಬರು
ಬಾಲ ಅಳಿಸಿ ಚುಕ್ಕೆ ಮಾಡಿದರು.

ನಿನ್ನೆ ರಾತ್ರಿ ಕ್ಯಾತಣ್ಣನ ಫೋನು.
ಹಿಂದೆ ಕುರಿಗಳ ಸದ್ದು, ಗಾಳಿಯ ಸದ್ದು.
"ನೂರಾ ಹನ್ನೊಂದು ಕಣಮ್ಮ. ಎಲ್ಡು ಸಲ ಎಣ್ಸಿದೆ."
ತೋಳವೋ, ಕಳ್ಳನೋ, ಲಾರಿಗೆ ಸಿಕ್ಕಿತೋ,
ಬೆಳಗಾದ ಮೇಲೆ ಹುಡುಕುತ್ತಾನಂತೆ.
ದನಿಯಲ್ಲಿ ದುಃಖವಿತ್ತು ಅಂತ
ನಾನಂತೂ ಬರೆದುಕೊಡಲಾರೆ.