ನೂರರಲ್ಲಿ ಏಳು

ಜುಲೈ. ಕೂಮಾ ಆಸ್ಪತ್ರೆಯ ಕಿಟಕಿಗಾಜಿಗೆ
ರಾತ್ರಿಯ ಹಿಮ ಕಲ್ಲುಪ್ಪಿನಂತೆ ಅಂಟಿದೆ.
ಚೀಟಿಯಲ್ಲಿ ಬರೆದಿತ್ತು: ಗುಂಡುಲಾ ಆಖ್‌ಲೈಟ್ನರ್, ಐವತ್ತೆಂಟು,
ಎರಡೂ ಮೊಣಕಾಲು, ನಿಂತ ಭಂಗಿ.
ನನ್ನ ಕನ್ನಡದ ಕಿವಿ
ಗುಂಡು ಅನ್ನುವಷ್ಟನ್ನೇ ಹೆಕ್ಕಿಕೊಂಡಿತು.
ಆಮೇಲೆ ತಿಳಿಯಿತು, ತಪ್ಪೇನೂ ಕೇಳಿಸಿರಲಿಲ್ಲ.

ಜಿಂಡಬೈನ್ ಕೆರೆಯ ದಂಡೆ, ಪೆಟ್ರೋಲ್ ಬಂಕಿನ ಹಿಂದೆ
ಸ್ಕೀ ಹಲಗೆಗಳ ಅಂಚು ಮಸೆಯುವ ಅಂಗಡಿ ಇವಳದು.
ಬೆರಳ ತುದಿಗೆ ಅರದ ಗೀರು, ಕೋಟಿನ ತುಂಬ ಮೇಣದ ವಾಸನೆ.
ಜರ್ಮನಿ ಬಿಟ್ಟದ್ದೇಕೆ ಎಂದರೆ,
ಅಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರ ಮನೆಯಲ್ಲೂ ಟಿ.ವಿ., ಎಲ್ಲ ಟಿ.ವಿ.ಯಲ್ಲೂ ಬೆಟ್ಟ.
ಇಲ್ಲಿ ಡಿಸೆಂಬರಿಗೆ ನೊಣ ಮಾತ್ರ.

ಹಳೆಯ ಆಪರೇಷನ್ ಏನಾದರೂ?
ಕೇಳಲೇಬೇಕಾದ ಪ್ರಶ್ನೆ.
ಬಲಕ್ಕೆ ಮೂರು, ಎಡಕ್ಕೆ ಐದು, ಎಂದಳು
ಮಕ್ಕಳ ವಯಸ್ಸು ಹೇಳುವವರ ಹಾಗೆ.

ಪರದೆಯ ಮೇಲೆ ಮೂಡಿತು:
ಸವೆದ ಕೀಲು, ಮೂಳೆಗೆ ಮೂಳೆ ತಾಗಿ,
ಎರಡು ತಿರುಪುಮೊಳೆ, ಒಂದು ಕೊಕ್ಕೆ.
ಹನ್ನೊಂದು ಚಳಿಗಾಲದ ಲೆಕ್ಕದ ಪುಸ್ತಕ
ನಾನು ಓದಬಲ್ಲ ಲಿಪಿಯಲ್ಲೇ ಇತ್ತು.
ಈ ತಿರುಪು ಹತ್ತೊಂಬತ್ತರಲ್ಲಿ, ಕೆಂಪು ಕಂಬಕ್ಕೆ ಕಾಲು ಸಿಕ್ಕಿ.
ಇದು ಮದುವೆಯ ಹಿಂದಿನ ಶನಿವಾರ. ಆ ಮದುವೆ ಆಗಲಿಲ್ಲ.
ಕೊಕ್ಕೆ, ಗೆದ್ದ ವರ್ಷದ್ದು.
ಗೆದ್ದದ್ದು ಒಂದೇ ಸಲ, ಮಂಜು ಕವಿದು
ಮೇಲಿನ ಅರ್ಧ ದಾರಿಯನ್ನೇ ಕಡಿದುಹಾಕಿದ ದಿನ.
ಅರ್ಧ ಬೆಟ್ಟದ ರಾಣಿ ಎಂದು ಬರೆಯಿತು ಅವರೂರ ಪತ್ರಿಕೆ.

ಎಷ್ಟು ಹೊತ್ತು ಹಿಡಿಯಿತು? ಕೇಳಿದಳು ಇದ್ದಕ್ಕಿದ್ದಂತೆ.
ಯಾವುದು?
ಈ ಫೋಟೋ.
ನೋಡಿ ಹೇಳಿದೆ: ಸೆಕೆಂಡಿನ ನೂರರಲ್ಲಿ ನಾಲ್ಕು.
ನಕ್ಕಳು, ಬಂದಾಗಿನಿಂದ ಮೊದಲ ಸಲ.
ನನ್ನದು ಏಳು, ಎಂದಳು. ನೂರರಲ್ಲಿ ಏಳು.
ಅಷ್ಟಕ್ಕೇ ನಾಲ್ಕನೆಯವಳಾದೆ.
ಮೂರನೆಯವಳ ಊರಲ್ಲಿ
ಅವಳ ಹೆಸರಿನ ಬಸ್ ನಿಲ್ದಾಣವಿದೆ.

ಅಷ್ಟರಲ್ಲಿ ರೆಪ್ಪೆ ಅರ್ಧ ಬಿದ್ದಿರುತ್ತದೆ, ಪೂರ್ತಿಯಲ್ಲ.
ನಮ್ಮಲ್ಲಿ ಏಳು ಅಂದರೆ ಲೆಕ್ಕವೂ ಹೌದು,
ಬಿದ್ದವರಿಗೆ ಹೇಳುವ ಮಾತೂ ಹೌದು.
ಅವಳಿಗೆ ಇದನ್ನು ಹೇಳಲಿಲ್ಲ.
ಹೇಳಿದೆ: ಇನ್ನೊಂದು, ಪಕ್ಕದಿಂದ. ಅಲುಗಾಡಬೇಡಿ.

ವರದಿಗೆ ಕಾಯುತ್ತ ಬೆಂಚಿನ ಮೇಲೆ ಕಣ್ಣು ಮುಚ್ಚಿದಳು.
ನಿದ್ದೆಯೇನೋ ಅಂದುಕೊಂಡೆ.
ಬಲಗೈ ಮೇಲೆದ್ದಿತು. ಮೀನಿನ ಹಾಗೆ
ಎಡಕ್ಕೆ, ಬಲಕ್ಕೆ, ತುಸು ಎಡಕ್ಕೆ,
ಉದ್ದಕ್ಕೆ, ಉದ್ದಕ್ಕೆ, ಉಸಿರು ಕಟ್ಟಿ ಒಂದು ನೆಗೆತ,
ಬೆರಳು ಅದುರಿ, ಮತ್ತೆ ನೆಲ.
ಮಣಿಕಟ್ಟು ಮುರಿದುಕೊಂಡ ಹುಡುಗನೊಬ್ಬ
ಚಿಪ್ಸ್ ಬಾಯಿಗಿಡುವುದನ್ನು ಬಿಟ್ಟು ನೋಡುತ್ತಿದ್ದ.
ಗೋಡೆ ಗಡಿಯಾರದಲ್ಲಿ ಒಂದು ನಿಮಿಷ ನಲವತ್ತೆರಡು.
ಅವಳು ಕಣ್ಣು ತೆರೆದಳು.
ಎಷ್ಟನೆಯವಳು ಎಂದು ನಾನು ಕೇಳಲಿಲ್ಲ.

ಹೊರಗೆ, ಗಾಲಿಕುರ್ಚಿಗಳಿಗೆಂದು ಕಟ್ಟಿದ ಇಳಿಜಾರು,
ಹದಿನಾಲ್ಕು ಅಡಿಗೆ ಒಂದಡಿ.
ತುದಿಯಲ್ಲಿ ನಿಂತಳು. ಕಂಬಿ ಹಿಡಿದಳು.
ಮುಂದಕ್ಕೆ ಇಳಿಯಲು ಮಂಡಿ ಒಪ್ಪುವುದಿಲ್ಲ.
ತಿರುಗಿ, ದಾರಿಗೆ ಬೆನ್ನು ಕೊಟ್ಟು,
ಒಂದೊಂದೇ ಹೆಜ್ಜೆ
ಹಿಂದಹಿಂದಕ್ಕೆ ಇಳಿಯತೊಡಗಿದಳು,
ಮುಖ ನಮ್ಮ ಕಡೆಗೆ, ಮೇಲಕ್ಕೆ.