ಹೊಳೆಯ ವೇಗ ಸ್ಥಿರವೆಂದು ಭಾವಿಸಿ

ಮೊದಲ ವರ್ಷದ ಬಿ.ಎಸ್ಸಿ., ಮೊದಲ ವಾರ.
ಕಿಟಕಿ ತೆರೆದರೆ ಸಿಟಿ ಬಸ್ಸಿನ ಹಾರ್ನು, ಮುಚ್ಚಿದರೆ ಬೆವರು.
ಗಂಟೆಗಿಷ್ಟೆಂದು ಸಂಬಳ ಎಣಿಸುವ ಅತಿಥಿ ಉಪನ್ಯಾಸಕಿ ನಾನು,
ಬೋರ್ಡಿನ ಮೇಲೆ ಎರಡು ಗೆರೆ ಎಳೆದು
ಇದು ಹೊಳೆ, ಅಂದೆ.
ದೋಣಿಗೆ ಸೆಕೆಂಡಿಗೆ ಎರಡು ಮೀಟರು,
ನೀರಿಗೆ ಒಂದು.
ನೇರ ಎದುರು ದಡ ಮುಟ್ಟಲು
ಮೂತಿ ಎತ್ತ ತಿರುಗಿಸಬೇಕು?
ಹೊಳೆಯ ವೇಗ ಸ್ಥಿರವೆಂದು ಭಾವಿಸಿ.

ಭಾವಿಸಿದರು.
ಐವತ್ತೆರಡು ತಲೆ ಬಗ್ಗಿ ಐವತ್ತೆರಡು ತ್ರಿಕೋನ.
ಮೂವತ್ತು ಡಿಗ್ರಿ, ಹರಿವಿಗೆ ಎದುರಾಗಿ.
ಉತ್ತರ ಸರಿ. ಚಾಕ್ ಕೆಳಗಿಟ್ಟೆ.

ಹಿಂದಿನ ಬೆಂಚಿನಿಂದ ಶಮಿತಾ ಕರ್ಕೇರ:
"ಹೊಳೆ ಹಾಗೆ ಹೋಗುದಿಲ್ಲ ಮೇಡಂ.
ಬೆಳಿಗ್ಗೆ ಸಮುದ್ರಕ್ಕೆ ಹೋದದ್ದು
ಮಧ್ಯಾಹ್ನ ವಾಪಸು ಬರ್ತದೆ."
"ಎಂತ, ಕೊಡೆ ಮರೆತು ಹೋಗಿತ್ತಾ?" ಅಂದ ಯಾರೋ.
ಕ್ಲಾಸೆಲ್ಲ ನಗು.
ನಾನೂ ನಕ್ಕೆ. ಅದನ್ನು ಬರೆಯದೆ ಬಿಟ್ಟರೆ ಸುಳ್ಳಾದೀತು.

ನಾನು ಹಿರಿಯೂರಿನವಳು.
ನಮ್ಮ ಹೊಳೆಯಲ್ಲಿ ನೀರಿದ್ದರೆ ಅದಕ್ಕೊಂದೇ ದಿಕ್ಕು,
ಇಲ್ಲದಿದ್ದರೆ ಮರಳು, ಕ್ರಿಕೆಟ್ಟು.

ಶನಿವಾರ ಹನ್ನೊಂದು ಮಂದಿ ಬಂದರು ಸುಲ್ತಾನ್ ಬತ್ತೇರಿಗೆ.
ಆಚೆ ತಣ್ಣೀರುಬಾವಿ, ನಡುವೆ ಗುರುಪುರ ಹೊಳೆ,
ದೋಣಿಯಲ್ಲಿ ಶಮಿತಾಳ ಸೋದರಮಾವ,
ಅವಳ ಬಾಯಲ್ಲಿ ತಮ್ಮಲೆ.
ಎಷ್ಟು ಡಿಗ್ರಿ ತಿರುಗಿಸ್ತೀರಿ, ಕೇಳಿದೆ.
ಅವರು ನನ್ನನ್ನೊಮ್ಮೆ ನೋಡಿ, ಆಚೆ ದಡ ತೋರಿಸಿದರು:
"ಆ ತೆಂಗು ಕಾಣ್ತದಾ? ಅದರ ಹಿಂದೆ ಟವರು?
ಟವರು ತೆಂಗಿನ ಹಿಂದೆ ಅಡಗಿಯೇ ಇರಬೇಕು.
ಎಡಕ್ಕೆ ಇಣುಕಿದರೆ ನಾನು ಎಡಕ್ಕೆ ಜಾರಿದೆ ಅಂತ.
ಅಷ್ಟೆ. ಡಿಗ್ರಿ ಗಿಗ್ರಿ ಗೊತ್ತಿಲ್ಲ."

ಅಷ್ಟೆ.
ನಾಲ್ಕು ಸಮೀಕರಣ ಬರೆದು ನಾನು ತಲುಪಿದ ದಡಕ್ಕೆ
ಈ ಮನುಷ್ಯ ದಿನಕ್ಕೆ ನಲವತ್ತು ಸಲ
ಒಂದು ಮರದಲ್ಲಿ ಒಂದು ಟವರನ್ನು ಮುಚ್ಚಿಟ್ಟು ಹೋಗುತ್ತಾರೆ.

ನೀರಿನ ವೇಗ ಅಳೆಯೋಣ, ಅಂದೆ.
ಖಾಲಿ ಬಾಟಲಿ ಬಿಡಹೊರಟ ರೋಶನನ ಕೈಯನ್ನು ತಮ್ಮಲೆ ತಡೆದರು:
"ಖಾಲಿಯಾದದ್ದು ಗಾಳಿಯ ಮಾತು ಕೇಳ್ತದೆ ಮಾರಾಯಾ.
ಅರ್ಧ ನೀರು ತುಂಬಿಸು, ಆಗ ಹೊಳೆಯ ಮಾತು ಕೇಳೀತು."
ಒಂದು ಕಂಬದಿಂದ ಇನ್ನೊಂದಕ್ಕೆ ಇಪ್ಪತ್ತು ಮೀಟರು.
ಲವೀನಾಳ ಮೊಬೈಲಿನಲ್ಲಿ ನಲವತ್ತೆಂಟು ಸೆಕೆಂಡು,
ರೋಶನನದರಲ್ಲಿ ಐವತ್ತಮೂರು.
"ಯಾವುದು ಸರಿ ಮೇಡಂ?"
ಎರಡನ್ನೂ ಬರಿ.
"ಉತ್ತರ ಒಂದೇ ಅಲ್ವಾ ಇರುದು?"
ಎರಡನ್ನೂ ಬರಿ, ನಡುವಿನ ಐದನ್ನೂ ಬರಿ.
ಆ ಐದು ನಮ್ಮದು, ಹೊಳೆಯದಲ್ಲ.

ಎರಡನೆಯ ಸಲ ತೊಂಬತ್ತು ಸೆಕೆಂಡು.
ಮೂರನೆಯ ಸಲ ಯಾರೂ ಬಟನ್ ಒತ್ತಲಿಲ್ಲ;
ಬಾಟಲಿ ಕಂಬಗಳ ನಡುವೆ ನಿಂತುಬಿಟ್ಟಿತ್ತು.
ಮೀನು ವಾಸನೆಯ ಗಾಳಿ, ದೂರದಲ್ಲಿ ಒಂದು ಯಾಂತ್ರಿಕ ಬೋಟು,
ಎದುರಿಗೆ ತನ್ನ ದಿಕ್ಕನ್ನು ಇನ್ನೂ ತೀರ್ಮಾನಿಸದ ಇಷ್ಟಗಲದ ನೀರು.
ಹನ್ನೊಂದು ಮಂದಿ ಉಸಿರು ಹಿಡಿದು ನೋಡಿದ್ದು
ಒಂದು ಪ್ಲಾಸ್ಟಿಕ್ ಬಾಟಲಿಯನ್ನು, ನಂಬಿ.

ಆಮೇಲೆ ಅದು ಹಿಂದಕ್ಕೆ ಹೊರಟಿತು. ಮೆಲ್ಲಗೆ,
ಕೊಡೆ ಮರೆತವರ ಹಾಗೆ.

ಶಮಿತಾ ಏನೂ ಹೇಳಲಿಲ್ಲ.
ಬಾಟಲಿ ದಡದ ಬಳಿ ಬಂದಾಗ ಬಗ್ಗಿ ಎತ್ತಿಕೊಂಡು
ನೀರು ಚೆಲ್ಲಿ ಚೀಲಕ್ಕೆ ಹಾಕಿಕೊಂಡಳು.
ವಾಪಸು ಬರುವಾಗ ಲವೀನಾ ಕೇಳಿದಳು:
"ಪರೀಕ್ಷೆಗೆ ಸ್ಥಿರ ಅಂತಲೇ ಬರೀಬೇಕಲ್ವಾ?"
ಹೌದು. ಐದು ಅಂಕ.
ದೋಣಿ ದಾಟುವ ಒಂದೆರಡು ನಿಮಿಷಕ್ಕೆ ಅದು ಸುಳ್ಳೂ ಅಲ್ಲ.
ಎಷ್ಟು ಹೊತ್ತಿಗೆ ಸುಳ್ಳಾಗುತ್ತದೆ, ಅದನ್ನು ತಿಳಿದಿರು.

ಭಾವಿಸಿ ಎಂಬ ಪದದ ಅಡಿಯಲ್ಲಿ
ಈಗ ನಾನೊಂದು ಗೆರೆ ಎಳೆಯುತ್ತೇನೆ.
ಹೊಳೆ ಬರೆಯುತ್ತೇನೆ, ದೋಣಿ ಬರೆಯುತ್ತೇನೆ,
ನೀರಿನ ಬಾಣಕ್ಕೆ ತಲೆ ಹಾಕುವ ಮೊದಲು
ಚಾಕ್ ಹಿಡಿದೇ ತಿರುಗಿ
ಗಂಟೆ ಎಷ್ಟಾಯಿತೆಂದು ಕೇಳುತ್ತೇನೆ.
ಹೊಸ ಹುಡುಗರು ಗೋಡೆಯ ಗಡಿಯಾರ ನೋಡುತ್ತಾರೆ,
ಮೇಡಮ್ಮಿಗೆ ಮನೆಗೆ ಹೋಗುವ ಅವಸರವೆಂದು.