ಚಿಲಕದ ತೂತು

ಕೊಲ್ಹಾರದಿಂದ ಟಂಟಂನ್ಯಾಗ ತಂದ್ವಿ,
ಮೂಗು ಹಿಂದ, ಬಾಲ ಮುಂದ,
ಹೊರಗ ಚಾಚಿದ ಮೂಗಿಗೆ ಕೆಂಪು ಅರಿವಿ ಕಟ್ಟಿ.
ಹನ್ನೊಂದು ಸಾವಿರ. ಮೆಹಬೂಬಸಾಬ ಒಂದು ರೂಪಾಯಿ ಬಿಡಲಿಲ್ಲ.
ಹುಟ್ಟು ಎರಡು ಪುಕ್ಕಟೆ ಕೊಟ್ಟ, ಅದರಾಗ ಒಂದು ಮುರದದ್ದು.
"ನೀರು ಕುಡೀತೈತಿ ಯಕ್ಕಾ, ಆದರ ಮುಳುಗಸೂದಿಲ್ಲ" ಅಂದ,
ಕನ್ಯಾ ನೋಡಾಕ ಬಂದ ಗಂಡಿನ ಕಡಿಯವರು ಅಂದಾಂಗ.

ಗೇಟು ಸಣ್ಣದು. ಅಡ್ಡ ಮಲಗಿಸಿ ಒಳಗ ತುರುಕಿದ್ವಿ,
ಬಚ್ಚಲಕ್ಕೂ ತುಳಸಿಕಟ್ಟಿಗೂ ನಡುವ.
ಅವತ್ತಿನಿಂದ ಅರಿವಿ ಒಣಹಾಕಾಕ ಜಾಗಾ ಇಲ್ಲ.
ಮರುದಿನ ಕೋಳಿ ಅದರ ಅಡಿ ಹೊಕ್ಕು ತತ್ತಿ ಇಟ್ಟಿತು.

ಪರಸಪ್ಪಗ ನಡ ಹೋಗಿ ಎರಡು ವರ್ಷ.
ಕಟ್ಟಿ ಮ್ಯಾಲೆ ಕುಂತು ಅಂವ ಹೇಳತಾನ, ನಾ ಮಾಡತೀನಿ.
"ಎಳಿ ಗುಂಟ ಕೆರಿ. ಅಡ್ಡ ಕೆರೀಬ್ಯಾಡ."
"ಮೀನು ಹೆರಿಯೂ ಕೈಗೆ ಇದನ್ನೂ ಕಲಸ್ತೀ ಏನು?"

ಮ್ಯಾಲೆ ನೀಲಿ. ನೀಲಿ ತಳಗ ಹಸರು.
ಹಸರಿನ ತಳಗ ಸಾಲಿ ಗ್ವಾಡಿಯಂಥಾ ಹಳದಿ,
ಹಳದಿ ಮ್ಯಾಲೆ ಅಳಿಸಿ ಉಳದ ಒಂದಕ್ಷರ: ಬೀ.
ಬೀಬೀಜಾನೋ, ಕಾಶೀಂಬೀಯೋ,
ಯಾರ ಹೆಣ್ತಿಯೋ, ಯಾರ ತಾಯಿಯೋ.
ಅಷ್ಟು ಜಾಗಾ ಬಿಟ್ಟು ಸುತ್ತಲೂ ಕೆರದೆ.

ತಳದ ಹಲಗಿ ಮೂರು ಲಡ್ಡು.
ಬೆರಳು ಒತ್ತಿದರ ಹುರದ ಶೇಂಗಾದ ಸಿಪ್ಪಿಯಂಗ ಉದರತಾವ.
ನಾಕನೇದು ಮಾತ್ರ ಕಲ್ಲು.
ಬಡಿಗೇರ ಮೌನೇಶ ಉಳಿ ಹಿಡಿಯಿಂದ ಟಕಟಕ ಬಡದು ಕೇಳಿ ಅಂದ,
"ಇದು ದೋಣಿ ಕಟಗಿ ಅಲ್ಲಬೇ. ಸಾಗವಾನಿ.
ಯಾರದೋ ಮನಿ ಕದ."

ಡಾಂಬರು ಬಿಚ್ಚಿದಾಗ ಸಿಕ್ಕಿತು,
ಬೆಣಿ ಬಡದು ಮುಚ್ಚಿದ ಚಿಲಕದ ತೂತು,
ಅದರ ತಳಗ ಅರ್ಧಚಂದ್ರದ ಗೀರು,
ಕೊಂಡಿ ತೂಗಿ ತೂಗಿ ತೇದದ್ದು.
ಮೊಸರಿನಾಕಿ ಬಡದಿರಬೇಕು, ಪೋಸ್ಟಿನಾಂವ ಬಡದಿರಬೇಕು,
ಸರುವೊತ್ತಿನ್ಯಾಗ ಸೂಲಗಿತ್ತಿ ಕರಿಯಾಕ ಬಂದಾಂವ
ಬಡದ ಬಡದ ಬಡದಿರಬೇಕು.

ಹಿನ್ನೀರು ಬರೂ ವರ್ಷ ಎಲ್ಲಾರೂ ಕಿತಗೊಂಡು ಹ್ವಾದ್ವಿ,
ಕದ, ತೊಲಿ, ಕಿಟಕಿ, ಬೀಸೂಕಲ್ಲು.
ಗ್ವಾಡಿಗಿ ಕೈ ಹಚ್ಚಲಿಲ್ಲ, ಮಣ್ಣು ಯಾರು ಹೊರತಾರ?
ನಮ್ಮ ಕದ ಎಷ್ಟಕ್ಕ ಮಾರಿದ್ವಿ?
"ಮುನ್ನೂರು" ಅಂತಾನ ಪರಸಪ್ಪ.
"ನಾನೂರು. ಐವತ್ತು ಇನ್ನೂ ಬರೂದೈತಿ" ಅಂತೀನಿ.
ಇದು ಅದಲ್ಲ. ನಮ್ಮದು ಬೇವಿನ ಕಟಗಿ.
ಬೇವು ಅಂದ ಮ್ಯಾಲೆ ಮಾತು ಮುಗೀತು.
ಆದರೂ ರಾತ್ರಿ ನೀರಡಿಸಿ ಎದ್ದಾಕಿ
ಆ ಗೀರಿನ್ಯಾಗ ಬೆರಳಾಡಿಸಿ ಬಂದೆ.

ಹತ್ತಿ ಬತ್ತಿ ಹೊಸದೆ, ದೇವರಿಗೆ ಹೊಸಿಯೂ ಹಂಗನ,
ಆದರ ಮಾರುದ್ದ. ಸಂದಿ ಸಂದಿಗೆ ಒತ್ತಿ
ರಾಳಾ, ಅಗಸಿ ಎಣ್ಣಿ ಕಾಸಿ ಬಳದೆ.
ಬಾಜೂಮನಿ ನೀಲವ್ವ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ
"ಅಗಸಿ ಹಿಂಡಿ ಕುಟ್ಟಾಕತ್ತೀರೇನು? ನಮಗೂ ಒಂದೀಟು" ಅಂದಳು.

ಆಮ್ಯಾಲೆ ಹದಿನೆಂಟು ಕೊಡ ನೀರು ಒಳಗ ಸುರುವಿದ್ವಿ.
ಹೊರಗ ಇರಬೇಕಾದದ್ದು ಒಳಗ ನಿಂತಿತ್ತು,
ಮುಗಲು ಅದರಾಗ ಮುಖ ನೋಡಿಕೊಂಡಿತು.
ನಾನೂ ಮೊಮ್ಮಗ ಕಲ್ಮೇಶನೂ ನೆಲಕ್ಕ ಕಪಾಳ ಹಚ್ಚಿ ಕಾಯ್ದ್ವಿ.
ಎಲ್ಲಾ ಸಂದಿ ಒಣ. ಒಂದ ಕಡೆ ತೊಟ್ಟು
ತೊಟ್ಟು:
ಚಿಲಕದ ತೂತಿನ ಹಳೀ ಬೆಣಿ.

ಲಟ್ಟಣಿಗಿ ತುದಿ ಕೊಯ್ದು ಹೊಸಾ ಬೆಣಿ ಹಾಕಿದೆ.
ಈಗ ಚಪಾತಿ ಸೊಟ್ಟ ಆಗತಾವ.

ಹೊಸಾ ಅಡ್ಡಪಟ್ಟಿ ಬಡದಿದ್ವಿ, ಅಗಲ ಆಗಿತ್ತು.
ಬಂದ ಗೇಟಿನ್ಯಾಗ ಹೋಗಲೊಲ್ಲದು.
ಕಂಪೌಂಡಿನ ಮೂರು ಸಾಲು ಕಲ್ಲು ಇಳಿಸಿ
ಎಂಟು ಮಂದಿ ಎತ್ತಿ ನಿಲ್ಲಿಸಿ ಹೊರಗ ತಂದರು.
ನೆಟ್ಟಗ ನಿಂತಾಗ ಒಂದು ಗಳಿಗಿ
ಅದು ಮತ್ತ ಕದನ ಆಗಿತ್ತು, ಸುತ್ತ ಮನಿ ಇರಲಾರದ ಕದ.

ದಂಡಿಗೆ ಒಯ್ದು ಕುಂಕುಮ ಹಚ್ಚಿ ಕಾಯಿ ಒಡದ್ವಿ.
ನೀರಿಗೆ ನೂಕೂ ಮುಂದ ನಾ ಬಗ್ಗಿ
ಗೆಣ್ಣಿನಿಂದ ಆ ಬೆಣಿ ಮ್ಯಾಲೆ ಮೂರು ಸಲ ಬಡದೆ.
"ಏನ ಅದು?" ಪರಸಪ್ಪ ಕೇಳಿದ.
"ಏನಿಲ್ಲ. ಗಟ್ಟಿ ಐತೇನು ನೋಡಿದೆ."